ಹಳೆ ಜೀಪಿನ ಗೇರ್ ಆಯಿಲ್: ಬದಲಿಸೋದಾ, ಬಿಡೋದಾ?

"ಹಳೆ ಗಾಡಿ ಸಾರ್, ಗೇರ್ ಬಾಕ್ಸಿಗೆ ಮಾತ್ರ ಕೈ ಹಾಕ್ಬೇಡಿ. ಹೊಸ ಆಯಿಲ್ ಬಿದ್ರೆ ಇರೋದೂ ಕೆಡುತ್ತೆ." ಸಕಲೇಶಪುರ, ಆಲೂರು ಕಡೆ ಸೆಕೆಂಡ್ ಹ್ಯಾಂಡ್ ಜೀಪು ಕೊಂಡವರಿಗೆಲ್ಲ ಈ ಉಪದೇಶ ಒಂದಲ್ಲ ಒಂದು ಸಲ ಸಿಕ್ಕೇ ಇರುತ್ತದೆ. ಅದರ ಬೆನ್ನಿಗೇ ಇನ್ನೊಬ್ಬರು, "ಮೊದ್ಲು ಇರೋ ಆಯಿಲ್ ಎಲ್ಲ ಚೆಲ್ಲಿ, ಆಮೇಲೆ ಮಿಕ್ಕಿದ್ದು" ಅನ್ನುತ್ತಾರೆ. ಇಬ್ಬರೂ ಅನುಭವಸ್ಥರೇ. ಯಾರ ಮಾತು ಕೇಳುವುದು?

ಎರಡು ಮಾತಿನಲ್ಲೂ ಸತ್ಯ ಇದೆ. ಆದರೆ ಮೊದಲನೆಯದು ನಮ್ಮ ಜೀಪಿಗೆ ಸೇರಿದ ಮಾತಲ್ಲ. ಅದು ಆಟೋಮ್ಯಾಟಿಕ್ ಗೇರಿನ ಕಾರಿಗೆ ಸೇರಿದ್ದು. ಊರಿಂದ ಊರಿಗೆ, ಬಾಯಿಂದ ಬಾಯಿಗೆ ಬರುತ್ತಾ ಅದು ಜೀಪು, ಜಿಪ್ಸಿ, ಮಾರುತಿ 800 ಎಲ್ಲದಕ್ಕೂ ಅಂಟಿಕೊಂಡಿದೆ. ಈ ಒಂದು ಗೊಂದಲದಿಂದಾಗಿ ಎಷ್ಟೋ ತೋಟದ ಗಾಡಿಗಳು ಹಾಲಿನಂತಾದ ಆಯಿಲಿನಲ್ಲೇ ಬೇರಿಂಗ್ ಸವೆಸಿಕೊಳ್ಳುತ್ತಿವೆ.

ನಮ್ಮ ಗಾಡಿಯ ಬದುಕೇ ಬೇರೆ

ಬಯಲುಸೀಮೆಯ ಕಾರು ದಿನಕ್ಕೆ ನೂರು ಕಿ.ಮೀ. ಓಡಿದರೂ ಹೆಚ್ಚಿನ ದಾರಿ ಟಾಪ್ ಗೇರಿನಲ್ಲೇ. ನಮ್ಮಲ್ಲಿ ಹಾಗಿಲ್ಲ. ಹೆತ್ತೂರು, ಯಸಳೂರು, ಹಾನುಬಾಳು ಕಡೆಯ ತೋಟದ ದಾರಿಗಳಲ್ಲಿ ಫಸ್ಟು, ಸೆಕೆಂಡು ಬಿಟ್ಟರೆ ಮೂರನೇ ಗೇರಿಗೆ ಕೆಲಸವೇ ಇಲ್ಲ. ಮಳೆಗಾಲ ಬಂತೆಂದರೆ ಫೋರ್ ವೀಲ್, ಲೋ ಗೇರು. ಆಲೂರಿನ ಪಾಳ್ಯ, ಕುಂದೂರು, ಕೆಂಚಮ್ಮನ ಹೊಸಕೋಟೆ ಕಡೆ ಏರು ಅಷ್ಟಿಲ್ಲ ಎಂದುಕೊಂಡರೂ ಕೆಸರು, ಹಳ್ಳ ತಪ್ಪಿದ್ದಲ್ಲ.

ಕಂಪನಿಯವರ ಕೈಪಿಡಿ ಗೇರ್ ಆಯಿಲ್ ಬದಲಿಗೆ ಕಿಲೋಮೀಟರ್ ಲೆಕ್ಕ ಕೊಡುತ್ತದೆ. 40,000 ಕಿ.ಮೀ. ಎಂದು ಬರೆದಿದೆ ಅಂತಿಟ್ಟುಕೊಳ್ಳಿ. ತೋಟದ ಜೀಪು ದಿನಕ್ಕೆ 11 ಕಿ.ಮೀ. ಓಡಿದರೆ ವರ್ಷಕ್ಕೆ ಸುಮಾರು 4,000. ಆ ಲೆಕ್ಕದಲ್ಲಿ ಆಯಿಲಿಗೆ ಹತ್ತು ವರ್ಷ ಆಯುಷ್ಯ! ಅಷ್ಟರಲ್ಲಿ ಹತ್ತು ಮುಂಗಾರು ಆ ಗಾಡಿಯ ಮೇಲೆ ಹೋಗಿರುತ್ತದೆ. ಸಾಲದ್ದಕ್ಕೆ ನಮ್ಮ ಅರ್ಧಕ್ಕರ್ಧ ಜೀಪುಗಳ ಮೀಟರ್ ಕೇಬಲ್ ತುಂಡಾಗಿ ಯಾವ ಕಾಲವಾಯಿತೋ. ಹಾಗಾಗಿ ಇಲ್ಲಿ ಕಿಲೋಮೀಟರ್ ಲೆಕ್ಕ ಬಿಡಿ. ಮಳೆಗಾಲದ ಲೆಕ್ಕ ಇಡಿ.

ಇದು ಬರೀ ದುಡ್ಡಿನ ವಿಷಯವೂ ಅಲ್ಲ. ಹಣ್ಣು ಕುಯ್ಲಿನ ನಡುವೆ ಗೇರ್ ಬಾಕ್ಸ್ ಕೈಕೊಟ್ಟರೆ ಕುಯ್ದ ಹಣ್ಣು ಚೀಲದಲ್ಲೇ ಬಿಸಿಯೇರುತ್ತದೆ, ಪಲ್ಪರ್ ಕಾದು ನಿಲ್ಲುತ್ತದೆ. ಆಟಿ ಮಳೆಯ ರಾತ್ರಿ ಲೈನ್ ಮನೆಯಲ್ಲಿ ಯಾರಿಗಾದರೂ ಹೆರಿಗೆ ನೋವು ಬಂದರೆ, ಆನೆ ಓಡಾಡುವ ದಾರಿಯಲ್ಲಿ ಸಕಲೇಶಪುರಕ್ಕೋ ಹಾಸನಕ್ಕೋ ಒಯ್ಯಬೇಕಾದ್ದು ಇದೇ ಜೀಪು. 15 ವರ್ಷ ತುಂಬಿದ ಗಾಡಿಯನ್ನು 5 ವರ್ಷಕ್ಕೊಮ್ಮೆ ಆರ್.ಸಿ. ನವೀಕರಿಸಿ ನಾವು ಇಟ್ಟುಕೊಂಡಿರುವುದು ಅಲಂಕಾರಕ್ಕಲ್ಲವಲ್ಲ.

ಆ ಮಾತು ಎಲ್ಲಿಂದ ಬಂತು?

ಆಟೋಮ್ಯಾಟಿಕ್ ಗೇರ್ ಬಾಕ್ಸಿನಲ್ಲಿ ಆಯಿಲಿಗೆ ಮೂರ್ನಾಲ್ಕು ಕೆಲಸ. ಹಲ್ಲು, ಬೇರಿಂಗ್ ನೆನೆಸುವುದು ಒಂದು. ಒತ್ತಡದಿಂದ ಗೇರ್ ಬದಲಿಸುವುದು ಇನ್ನೊಂದು. ಎಂಜಿನ್ನಿನ ಶಕ್ತಿಯನ್ನು ದಾಟಿಸುವುದು, ಶಾಖ ಹೊರುವುದು ಮತ್ತೆರಡು. ಅದರೊಳಗೆ ಸಣ್ಣ ಸಣ್ಣ ಕ್ಲಚ್ ಪ್ಲೇಟುಗಳು ಆಯಿಲಿನಲ್ಲೇ ಮುಳುಗಿ ಕೆಲಸ ಮಾಡುತ್ತವೆ. ಈ ಪ್ಲೇಟು ಸವೆದಂತೆಲ್ಲ ಅದರ ಪುಡಿ ಆಯಿಲಿನಲ್ಲಿ ಸೇರುತ್ತದೆ. ಬಹಳ ವರ್ಷ ಬದಲಿಸದೆ ಪ್ಲೇಟು ಪೂರ್ತಿ ಸವೆದ ಗಾಡಿಗೆ ಹೊಸ ಆಯಿಲ್ ಹಾಕಿದರೆ ಕೆಲವೊಮ್ಮೆ ಗೇರ್ ಹಿಡಿಯದೆ ಜಾರುವುದುಂಟು. ಮಾಲೀಕರು "ಆಯಿಲ್ ಬದಲಿಸಿದ್ದಕ್ಕೇ ಕೆಟ್ಟಿತು" ಎಂದುಕೊಳ್ಳುತ್ತಾರೆ. ನಿಜವಾಗಿ ಗಾಡಿ ಮೊದಲೇ ಹೋಗಿತ್ತು, ಆಯಿಲ್ ಬದಲಿಸಿದ ದಿನ ಅದು ಬಯಲಾಯಿತು. ಒತ್ತಡದ ಯಂತ್ರ ಇಟ್ಟು ಒಳಗೆಲ್ಲ ತೊಳೆಸಿದಾಗ ಎಲ್ಲೋ ಕೂತಿದ್ದ ಕಸ ಎದ್ದು ಸಣ್ಣ ದಾರಿಗಳಿಗೆ ಸಿಕ್ಕಿಕೊಳ್ಳುವ ಅಪಾಯವೂ ಇದೆ.

ನಮ್ಮ ಜೀಪಿನಲ್ಲಿ ಏನಿದೆ? ಕ್ಲಚ್ ಪ್ಲೇಟು ಹೊರಗೆ ಒಣಗಿಕೊಂಡಿದೆ, ಅದಕ್ಕೆ ಆಯಿಲ್ ತಾಗಲೇಬಾರದು. ಗೇರ್ ಬಾಕ್ಸಿನೊಳಗೆ ಉಕ್ಕಿನ ಹಲ್ಲುಗಳು, ಬೇರಿಂಗು, ಗೇರು ಸಲೀಸಾಗಿ ಬೀಳಲು ಹಿತ್ತಾಳೆ ಜಾತಿಯ ರಿಂಗುಗಳು. ಹಳೆ ಆಯಿಲಿನಲ್ಲಿರುವ ಪುಡಿ ಲೋಹದ ಪುಡಿ. ಅದು ಹಲ್ಲಿಗೆ ಹಿಡಿತ ಕೊಡುವುದಿಲ್ಲ. ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ಆದ್ದರಿಂದ ಮಹೀಂದ್ರ ಜೀಪು, 1985ರಿಂದ ಬಂದ ಜಿಪ್ಸಿ, ಮಾರುತಿ 800, ಇಂಥ ಕೈಗೇರಿನ ಗಾಡಿಗಳಲ್ಲಿ ಹಳೆ ಆಯಿಲನ್ನು ಉಳಿಸಿಕೊಂಡರೆ ಲಾಭ ಏನೂ ಇಲ್ಲ.

ಆದರೂ ಒಂದು ಮಾತು ಒಪ್ಪಬೇಕು. ಹಳೆ ಆಯಿಲ್ ಗಟ್ಟಿಯಾಗಿ ಸೀಲಿನ ಸುತ್ತ ಕೂತು ಸೋರಿಕೆ ತಡೆದಿರುತ್ತದೆ. ಕೆಲವರು ಮಾರುವ ಮೊದಲು ಸದ್ದು ಅಡಗಲೆಂದು ಬೇಕೆಂದೇ ದಪ್ಪ ಆಯಿಲ್ ತುಂಬಿಸುತ್ತಾರೆ. ಸರಿಯಾದ ಆಯಿಲ್ ಹಾಕಿದ ಮೇಲೆ ಸೋರಿಕೆ, ಗುಂಯ್ ಸದ್ದು ಶುರುವಾದರೆ ಅದು ಹೊಸ ರೋಗ ಅಲ್ಲ. ಮುಚ್ಚಿಟ್ಟದ್ದು ಹೊರಗೆ ಬಂತು, ಅಷ್ಟೆ. ಸೀಲು ಅಗ್ಗದ ಸಾಮಾನು. ಹಲ್ಲು, ಶಾಫ್ಟು ಅಗ್ಗವಲ್ಲ. ಹಳೆ ಮಾಡೆಲಿನದಾದರೆ ಅಂಗಡಿ ಅಂಗಡಿ ಅಲೆದು ಹುಡುಕಬೇಕು.

ನಿಜವಾದ ಶತ್ರು ನೀರು

ಮಲೆನಾಡಿನಲ್ಲಿ ಗೇರ್ ಆಯಿಲನ್ನು ಕೆಡಿಸುವುದರಲ್ಲಿ ಓಟಕ್ಕಿಂತ ನೀರು ಮುಂದು. ಏರು ಹತ್ತಿ ಬಂದ ಜೀಪಿನ ಕ್ರೌನ್ ಹೌಸಿಂಗ್ ಕೈ ಇಡಲಾಗದಷ್ಟು ಬಿಸಿ ಇರುತ್ತದೆ. ಹಾಗೇ ಹಳ್ಳಕ್ಕೆ ಇಳಿಸಿದಿರಿ ಅನ್ನಿ. ತಣ್ಣೀರು ತಾಗಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ. ಕುಗ್ಗಿದಾಗ ಹೊರಗಿನಿಂದ ಎಳೆದುಕೊಳ್ಳುತ್ತದೆ. ಹೊರಗೆ ಇರುವುದು ಗಾಳಿಯಲ್ಲ, ನೀರು. ಸೀಲಿನ ಅಂಚಿನಿಂದಲೋ ಬ್ರೀದರ್ ತೂತಿನಿಂದಲೋ ಒಂದಿಷ್ಟು ಒಳಗೆ ಹೋಗಿಯೇ ಹೋಗುತ್ತದೆ.

ಹೌಸಿಂಗ್ ಮೇಲೆ ಕೂತಿರುವ ಬ್ರೀದರ್ ಎಂಬ ಪುಟ್ಟ ಸಾಮಾನನ್ನು ನಾವು ನೋಡುವುದೇ ಇಲ್ಲ. ಒಳಗಿನ ಗಾಳಿ ಹಿಗ್ಗಿದಾಗ ಹೊರಗೆ ಬಿಡಲು, ಕುಗ್ಗಿದಾಗ ಒಳಗೆ ತರಲು ಇರುವ ಮೂಗು ಅದು. ಕೆಸರು ಮೆತ್ತಿ ಮುಚ್ಚಿದರೆ ಬಿಸಿ ಗಾಳಿ ಸೀಲನ್ನು ತಳ್ಳಿ ದಾರಿ ಮಾಡಿಕೊಳ್ಳುತ್ತದೆ. ಆಮೇಲೆ ಸೀಲು ಎರಡು ಕಡೆಯೂ ಸೋರುತ್ತದೆ. ಆಯಿಲ್ ಹೊರಗೆ, ನೀರು ಒಳಗೆ. ಬ್ರೀದರ್ ಕಿತ್ತು ಡೀಸೆಲಿನಲ್ಲಿ ತೊಳೆದು ಊದಿ ಹಾಕಲು ಹತ್ತು ನಿಮಿಷ ಸಾಕು. ಅದಕ್ಕೊಂದು ರಬ್ಬರ್ ಪೈಪು ಸಿಕ್ಕಿಸಿ ಮೇಲೆ ಎತ್ತರಕ್ಕೆ ಕಟ್ಟಿಕೊಂಡವರೂ ಇದ್ದಾರೆ. ಹಳ್ಳ ದಾಟುವ ಗಾಡಿಗೆ ಇದು ಒಳ್ಳೆ ಉಪಾಯ. ಪೈಪಿನ ತುದಿಯನ್ನು ಕೆಳಮುಖವಾಗಿ ಬಗ್ಗಿಸಿರಬೇಕು.

ಅರ್ಧ ಗಂಟೆಯ ಪರೀಕ್ಷೆ

ಬದಲಿಸಬೇಕೋ ಬೇಡವೋ ಎಂದು ಚರ್ಚೆ ಮಾಡುವ ಬದಲು ಗಾಡಿಯನ್ನೇ ಕೇಳುವುದು ವಾಸಿ. ರಾತ್ರಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಕಾಫಿ ಕಣ ಇದಕ್ಕೆ ಹೇಳಿಮಾಡಿಸಿದ ಜಾಗ. ಬೆಳಿಗ್ಗೆ ಸ್ಟಾರ್ಟ್ ಮಾಡದೆ, ಚಕ್ರಕ್ಕೆ ಕಲ್ಲು ಕೊಟ್ಟು ಕೆಳಗೆ ನುಗ್ಗಿ.

1. ಮೊದಲು ಮೇಲಿನ ನಟ್ಟು, ಅಂದರೆ ಆಯಿಲ್ ತುಂಬುವ ನಟ್ಟು ಬಿಚ್ಚಿ. ಯಾವತ್ತೂ ಇದೇ ಮೊದಲು. ಕೆಳಗಿನದು ಬಿಚ್ಚಿ ಆಯಿಲ್ ಚೆಲ್ಲಿದ ಮೇಲೆ ಮೇಲಿನ ನಟ್ಟು ತುಕ್ಕು ಹಿಡಿದು ಬಿಚ್ಚಲು ಬಾರದಿದ್ದರೆ ಗಾಡಿ ಅಲ್ಲೇ ಕೂತಿತು.

2. ಬೆರಳು ಹಾಕಿ ನೋಡಿ. ಆಯಿಲ್ ತೂತಿನ ಕೆಳ ಅಂಚಿಗೆ ಸಮನಾಗಿರಬೇಕು. ಕಡಿಮೆ ಇದ್ದರೆ ಎಲ್ಲೋ ಸೋರಿಕೆ ಇದೆ. ತೂತಿನಿಂದ ತಾನೇ ಸುರಿದರೆ ನೀರು ಸೇರಿರಬಹುದು, ಇಲ್ಲವೇ ಯಾರೋ ಜಾಸ್ತಿ ತುಂಬಿದ್ದಾರೆ.

3. ಬೆರಳಿಗೆ ಬಂದ ಆಯಿಲನ್ನು ಬಿಸಿಲಿಗೆ ಹಿಡಿಯಿರಿ. ಜೇನಿನ ಬಣ್ಣ, ಸ್ವಲ್ಪ ಕಂದು ಇದ್ದರೆ ತೊಂದರೆಯಿಲ್ಲ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಆಯುಷ್ಯ ಮುಗಿದಿದೆ. ಹಾಲು ಕಾಫಿ ಬಣ್ಣ ಬಂದರೆ ನೀರು ಸೇರಿದೆ.

4. ಅನುಮಾನ ಇದ್ದರೆ ಕೆಳಗೆ ಗಾಜಿನ ಬಾಟಲಿ ಹಿಡಿದು ಕೆಳಗಿನ ನಟ್ಟನ್ನು ಒಂದೆರಡು ಸುತ್ತು ಸಡಿಲಿಸಿ. ನೀರು ಆಯಿಲಿಗಿಂತ ಭಾರ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಅದು ತಳಕ್ಕೆ ಇಳಿದಿರುತ್ತದೆ, ಮೊದಲು ಬರುವುದೇ ಅದು.

5. ನಟ್ಟಿನ ತುದಿ ಅಥವಾ ಬಸಿದ ಆಯಿಲಿಗೆ ಒಂದು ಅಯಸ್ಕಾಂತ ಮುಟ್ಟಿಸಿ. ಬೂದು ಬಣ್ಣದ ನುಣ್ಣನೆ ಪೇಸ್ಟು ಮಾಮೂಲಿ ಸವೆತ. ಬೆರಳಿಗೆ ಚುಚ್ಚುವ ಚೂರು, ಹಲ್ಲಿನ ತುಂಡು ಸಿಕ್ಕಿದರೆ ಆಯಿಲಿನ ಮಾತು ಅಲ್ಲಿಗೇ ಬಿಟ್ಟು ಗೇರ್ ಬಾಕ್ಸ್ ಬಿಚ್ಚಿಸಬೇಕು.

ಫೋರ್ ವೀಲ್ ಜೀಪಿನಲ್ಲಿ ಗೇರ್ ಬಾಕ್ಸು, ಟ್ರಾನ್ಸ್‌ಫರ್ ಕೇಸು, ಮುಂದಿನ ಕ್ರೌನು, ಹಿಂದಿನ ಕ್ರೌನು ಎಂದು ನಾಲ್ಕು ಕಡೆ ಆಯಿಲ್ ಇದೆ. ನಾಲ್ಕನ್ನೂ ಬೇರೆ ಬೇರೆಯಾಗಿ ನೋಡಬೇಕು. ಒಂದು ಚೆನ್ನಾಗಿದೆ ಎಂದ ಮಾತ್ರಕ್ಕೆ ಇನ್ನೊಂದು ಚೆನ್ನಾಗಿರಬೇಕೆಂದಿಲ್ಲ. ಗೇರ್ ಬಾಕ್ಸಿಗೆ ಟ್ರಾನ್ಸ್‌ಫರ್ ಕೇಸು ಅಂಟಿಕೊಂಡಿರುವ ಮಹೀಂದ್ರ ಜೀಪುಗಳಲ್ಲಿ ಒಂದರಲ್ಲಿ ಆಯಿಲ್ ಇಳಿದು ಇನ್ನೊಂದರಲ್ಲಿ ಏರಿದ್ದರೆ ನಡುವಿನಿಂದ ದಾಟುತ್ತಿದೆ ಎಂದರ್ಥ. ಜಿಪ್ಸಿಯಲ್ಲಿ ಇವೆರಡೂ ದೂರ ದೂರ ಕೂತಿವೆ. ಮಾರುತಿ 800ರಲ್ಲಿ ಗೇರ್ ಬಾಕ್ಸು, ಡಿಫರೆನ್ಷಿಯಲ್ ಎರಡಕ್ಕೂ ಒಂದೇ ಮನೆ, ಒಂದೇ ಆಯಿಲ್. ನೋಡಬೇಕಾದ್ದು ಒಂದೇ ಕಡೆ.

ಈಗ ತೀರ್ಮಾನ

ಹಿಂದೆ ಯಾವಾಗ ಬದಲಿಸಿದ್ದೆಂದು ಲೆಕ್ಕ ಇದ್ದು, ಮಟ್ಟ, ಬಣ್ಣ ಎರಡೂ ಸರಿ ಇದ್ದರೆ ಮುಟ್ಟಬೇಡಿ. ಸುಮ್ಮನೆ ಚೆಲ್ಲುವುದು ದಂಡ.

ಲೆಕ್ಕವೇ ಇಲ್ಲದ ಸೆಕೆಂಡ್ ಹ್ಯಾಂಡ್ ಗಾಡಿಯಾದರೆ ನಾಲ್ಕೂ ಕಡೆ ಬದಲಿಸಿ, ತಾರೀಖು ಬರೆದಿಡಿ. ಡ್ಯಾಶ್ ಬೋರ್ಡಿನ ಒಳಗೆ ಪೇಂಟಿನಲ್ಲಿ ಬರೆದರೂ ಆಯ್ತು.

ನೀರು ಸೇರಿದ್ದರೆ ಹೋದ ತಿಂಗಳು ಹಾಕಿದ ಆಯಿಲ್ ಆದರೂ ಚೆಲ್ಲಲೇಬೇಕು. ಬರೀ ಬದಲಿಸಿದರೆ ಸಾಲದು. ಸೀಲು, ಬ್ರೀದರ್ ನೋಡದಿದ್ದರೆ ಮತ್ತೆ ಅದೇ ಕತೆ. ನೀರು ಜಾಸ್ತಿ ಇದ್ದಲ್ಲಿ ಒಂದು ಸಲ ಹಾಕಿ, ನಾಲ್ಕಾರು ದಿನ ಓಡಿಸಿ, ಇನ್ನೊಮ್ಮೆ ಬದಲಿಸುವುದು ಕ್ಷೇಮ.

ಗೇರ್ ತಾನೇ ಹಾರುತ್ತಿದ್ದರೆ, ಇಳುಕಲಿನಲ್ಲಿ ಕೈಯಲ್ಲಿ ಹಿಡಿದುಕೊಂಡೇ ಓಡಿಸಬೇಕಾಗಿದ್ದರೆ ಆಯಿಲಿನಿಂದ ಗುಣ ಆಗುವುದಿಲ್ಲ. ಅದು ಸವೆತ. ಶಿರಾಡಿ, ಬಿಸಿಲೆ ಘಾಟಿ ಇಳಿಯುವಾಗ ಗೇರ್ ಹಾರಿ ನ್ಯೂಟ್ರಲಿಗೆ ಬಂದರೆ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಅಂಥ ಗಾಡಿಯನ್ನು ದುರಸ್ತಿ ಆಗುವ ತನಕ ಘಾಟಿಗೆ ಒಯ್ಯಲೇಬಾರದು.

ಯಾವ ಆಯಿಲ್? ಎಷ್ಟು?

ಡಬ್ಬದ ಮೇಲೆ ಎರಡು ಬರಹ ನೋಡಬೇಕು. ಒಂದು ದಪ್ಪದ ಲೆಕ್ಕ: 90 ಅಥವಾ 80ಡಬ್ಲ್ಯೂ-90 ಎಂದಿರುತ್ತದೆ. ಎರಡನೆಯದು ಜಿ.ಎಲ್.-4 ಅಥವಾ ಜಿ.ಎಲ್.-5. ಈ ಎರಡನೆಯದನ್ನು ನಮ್ಮಲ್ಲಿ ಕೇಳುವವರೇ ಕಡಿಮೆ. "ಗೇರ್ ಆಯಿಲ್ ಕೊಡಿ" ಅಂದರೆ ಅಂಗಡಿಯವರು ಕೈಗೆ ಸಿಕ್ಕಿದ್ದು ಕೊಡುತ್ತಾರೆ.

ಕ್ರೌನಿನ ಹಲ್ಲುಗಳು ಒಂದರ ಮೇಲೊಂದು ಜಾರುತ್ತಾ ಭಾರೀ ಒತ್ತಡದಲ್ಲಿ ತಿರುಗುತ್ತವೆ. ಅವಕ್ಕೆ ಗಂಧಕ, ರಂಜಕದ ರಾಸಾಯನಿಕ ಹೆಚ್ಚಿರುವ ಜಿ.ಎಲ್.-5 ಬೇಕು. ಅದೇ ಗಂಧಕ ಕೆಲವು ಆಯಿಲುಗಳಲ್ಲಿ ಗೇರ್ ಬಾಕ್ಸಿನ ಹಿತ್ತಾಳೆ ರಿಂಗನ್ನು ತಿನ್ನುತ್ತದೆ. ಜೊತೆಗೆ ಜಾರು ಹೆಚ್ಚಾಗಿ ಗೇರ್ ಬೀಳುವಾಗ ಕರಕರ ಅನ್ನಬಹುದು. ಹಾಗಾಗಿ ಕೈಪಿಡಿಯಲ್ಲಿ ಜಿ.ಎಲ್.-4 ಎಂದಿರುವ ಗೇರ್ ಬಾಕ್ಸಿಗೆ "ಇನ್ನೂ ಒಳ್ಳೇದು" ಅಂತ ಜಿ.ಎಲ್.-5 ಹಾಕಬಾರದು. 5 ಎಂಬುದು 4ಕ್ಕಿಂತ ಮೇಲಿನ ಕ್ಲಾಸು ಅಲ್ಲ, ಬೇರೆ ಕೆಲಸದ್ದು. ಕೆಲವು ಕಾರುಗಳ ಕೈಗೇರಿಗೆ ತೆಳ್ಳನೆಯ ಬೇರೆ ಆಯಿಲ್ ಹೇಳಿರುವುದೂ ಉಂಟು. ಕೈಪಿಡಿ ಕಳೆದುಹೋಗಿದ್ದರೆ ಅದೇ ಮಾಡೆಲ್ ಇರುವ ಇನ್ನೊಬ್ಬರಿಂದ ತಂದು ಜೆರಾಕ್ಸ್ ಮಾಡಿಸಿಡಿ. ಈಗ ಫೋನಿನಲ್ಲೂ ಹುಡುಕಿದರೆ ಎಷ್ಟೋ ಕೈಪಿಡಿ ಸಿಗುತ್ತವೆ.

"ಒಂದು ಲೋಟ ಜಾಸ್ತಿನೇ ಇರ್ಲಿ" ಎಂಬ ಉದಾರತೆ ಇಲ್ಲಿ ಬೇಡ. ಗೇರ್ ಬಾಕ್ಸಿಗೆ ಜಾಸ್ತಿಯಾದರೆ ಮುಂದಿನ ಸೀಲು ದಾಟಿ ಕ್ಲಚ್ ಪ್ಲೇಟಿಗೆ ತಾಗುತ್ತದೆ. ಕ್ರೌನಿಗೆ ಜಾಸ್ತಿಯಾದರೆ ಆಕ್ಸಲ್ ಗುಂಟ ಹೋಗಿ ಹಿಂದಿನ ಬ್ರೇಕ್ ಲೈನರ್ ನೆನೆಸುತ್ತದೆ. ದೋಣಿಗಾಲಿನಿಂದ ಗುಂಡ್ಯಕ್ಕೆ ಇಳಿಯುವಾಗ ನೆನೆದ ಬ್ರೇಕು ಏನು ಮಾಡುತ್ತದೆಂದು ಹೇಳಬೇಕಿಲ್ಲ. ಗಾಡಿ ಬಿಸಿ ಇರುವಾಗ ಬಸಿಯಿರಿ, ಕಸ ಚೆನ್ನಾಗಿ ಇಳಿಯುತ್ತದೆ. ತುಂಬುವಾಗ ಸಮತಟ್ಟಿನಲ್ಲಿ ನಿಲ್ಲಿಸಿ, ತೂತಿನ ಅಂಚಿಗೆ ಬಂದೊಡನೆ ನಿಲ್ಲಿಸಿ.

ಆಟೋಮ್ಯಾಟಿಕ್ ಕಾರು ಇದ್ದರೆ

ಈಗ ಬೆಂಗಳೂರಿನಲ್ಲಿರುವ ಮಕ್ಕಳು ಹೊಸದು ಕೊಂಡು ಹಳೆ ಆಟೋಮ್ಯಾಟಿಕ್ ಕಾರನ್ನು ಊರಿಗೆ ತಂದುಬಿಡುವುದು ಹೆಚ್ಚಾಗಿದೆ. ಇಲ್ಲಿ ಆ ಹಳೆ ಮಾತಿಗೆ ಸ್ವಲ್ಪ ಬೆಲೆ ಇದೆ. ಮೊದಲು ಅದು ಯಾವ ಜಾತಿಯದೆಂದು ತಿಳಿಯಬೇಕು.

2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ನಮ್ಮ ದೇಶಕ್ಕೆ ಬಂದ ಎ.ಎಂ.ಟಿ. ಹೆಸರಿಗೆ ಆಟೋಮ್ಯಾಟಿಕ್. ಒಳಗಿರುವುದು ಕೈಗೇರಿನ ಪೆಟ್ಟಿಗೆಯೇ. ಕ್ಲಚ್ಚು, ಗೇರು ಒತ್ತುವ ಕೆಲಸವನ್ನು ಯಂತ್ರ ಮಾಡುತ್ತದೆ. ಅದಕ್ಕೆ ಬೇರೆ ದ್ರವ ಇದೆ. ಗೇರ್ ಆಯಿಲಿನ ಮಟ್ಟಿಗೆ ಮೇಲೆ ಹೇಳಿದ ಮಾತೇ ಇದಕ್ಕೂ ಸಲ್ಲುತ್ತದೆ.

ನಿಜವಾದ ಆಟೋಮ್ಯಾಟಿಕ್ ಆದರೆ ಆಯಿಲಿನ ಬಣ್ಣ, ವಾಸನೆ ನೋಡಿ. ಹೊಸದು ಸಾಮಾನ್ಯವಾಗಿ ಕೆಂಪಗಿರುತ್ತದೆ. ಕಂದು ತಿರುಗಿ, ಸುಟ್ಟ ವಾಸನೆ ಇಲ್ಲದೆ, ಗೇರ್ ಸಲೀಸಾಗಿ ಬೀಳುತ್ತಿದ್ದರೆ ಬದಲಿಸುವುದೇ ಒಳ್ಳೆಯದು. ಆದರೆ ಯಂತ್ರ ಇಟ್ಟು ತೊಳೆಸುವುದು ಬೇಡ. ಬಸಿದಷ್ಟು ಬಸಿದು ಅಷ್ಟೇ ಹೊಸದು ಹಾಕಿ. ಒಂದು ಸಲಕ್ಕೆ ಬರುವುದು ಸುಮಾರು ಮೂರನೇ ಒಂದು ಪಾಲಿನಿಂದ ಅರ್ಧ, ಮಿಕ್ಕಿದ್ದು ಒಳಗೇ ಉಳಿಯುತ್ತದೆ. ಕೆಲವು ದಿನ ಓಡಿಸಿ ಇನ್ನೊಮ್ಮೆ ಹಾಗೇ ಮಾಡಿದರೆ ಆಯಿಲ್ ಮೆಲ್ಲಗೆ ಹೊಸದಾಗುತ್ತದೆ. ಈಗಾಗಲೇ ಕಪ್ಪಾಗಿ, ಸುಟ್ಟ ವಾಸನೆ ಬಂದು, ಏರಿನಲ್ಲಿ ಎಂಜಿನ್ ಅರಚಿದರೂ ಗಾಡಿ ಮುಂದೆ ಹೋಗದಿದ್ದರೆ ಆಯಿಲಿಗೆ ದುಡ್ಡು ಹಾಕಬೇಡಿ, ತಿಳಿದವರಿಗೆ ತೋರಿಸಿ. ಸಿ.ವಿ.ಟಿ. ಎಂಬ ಬೆಲ್ಟಿನ ಜಾತಿಗೆ ಅದರದೇ ಆಯಿಲ್ ಬೇಕು, ಬೇರೆ ಹಾಕಿದರೆ ಪೆಟ್ಟಿಗೆಯೇ ಹಾಳು. "ಲೈಫ್ ಟೈಮ್ ಆಯಿಲ್, ಬದಲಿಸೋದೇ ಬೇಡ" ಎಂಬ ಮಾತನ್ನು ಘಾಟಿ ಹತ್ತಿ ಇಳಿಯುವ ನಾವು ಅಷ್ಟಾಗಿ ನಂಬಬೇಕಿಲ್ಲ. ಏರಿನಲ್ಲಿ ಆಯಿಲ್ ಕಾಯುತ್ತದೆ, ಕಾದಷ್ಟೂ ಬೇಗ ಕೆಡುತ್ತದೆ.

ತೋಟದ ಕ್ಯಾಲೆಂಡರಿಗೆ ಹೊಂದಿಸಿ

ಮೇ ಕೊನೆಗೆ, ಮುಂಗಾರು ಹಿಡಿಯುವ ಮೊದಲು, ಬ್ರೀದರ್ ತೊಳೆದು ಸೀಲು ನೋಡಿ. ಮಳೆ ಬಿಟ್ಟ ಮೇಲೆ, ಅಕ್ಟೋಬರಿನಲ್ಲಿ, ಮೇಲೆ ಹೇಳಿದ ಬಾಟಲಿ ಪರೀಕ್ಷೆ ಮಾಡಿ. ಬದಲಿಸುವುದಿದ್ದರೆ ಆಗಲೇ ಬದಲಿಸಿ. ಮುಂಗಾರಿಗೆ ಮುಂಚೆ ಹೊಸ ಆಯಿಲ್ ತುಂಬಿ, ಅದಕ್ಕೆ ಮಳೆಗಾಲದ ನೀರು ಕುಡಿಸುವುದಕ್ಕಿಂತ ಇದು ಜಾಣತನ. ಅರೇಬಿಕಾ ಕುಯ್ಲು ಶುರುವಾಗುವ ಹೊತ್ತಿಗೆ ಗಾಡಿ ತಯಾರಿರುತ್ತದೆ, ರೋಬಸ್ಟಾ ಮುಗಿಯುವ ತನಕ ನಿಶ್ಚಿಂತೆ. ನಡುವೆ ಎಂದಾದರೂ ಹೌಸಿಂಗ್ ಮುಳುಗುವಷ್ಟು ನೀರು ದಾಟಿದ್ದರೆ ಅಕ್ಟೋಬರ್ ತನಕ ಕಾಯಬೇಡಿ, ಆ ವಾರವೇ ನೋಡಿ.

ಬಸಿದ ಆಯಿಲನ್ನು ಬೇಲಿ ಬುಡಕ್ಕೆ, ಚರಂಡಿಗೆ ಚೆಲ್ಲಬೇಡಿ. ನಮ್ಮ ತೋಟದ ಎಷ್ಟೋ ಹಳ್ಳಗಳು ಹೋಗಿ ಸೇರುವುದು ಹೇಮಾವತಿಗೆ, ಅಲ್ಲಿಂದ ಗೊರೂರು ಅಣೆಕಟ್ಟಿಗೆ. ಕೆಳಗಿನವರು ಕುಡಿಯುವುದು ಅದೇ ನೀರು. ಹಳೆ ಡಬ್ಬಕ್ಕೇ ತುಂಬಿಟ್ಟು, ಪೇಟೆಗೆ ಹೋಗುವಾಗ ವೇಸ್ಟ್ ಆಯಿಲ್ ಕೂಡಿಟ್ಟು ಮರುಬಳಕೆಗೆ ಕೊಡುವ ಗ್ಯಾರೇಜಿಗೆ ತಲುಪಿಸಿ.

ಕೊನೆಗೆ, ನಿಮ್ಮ ಮೆಕ್ಯಾನಿಕ್ "ಮುಟ್ಬೇಡಿ ಸಾರ್" ಅಂದರೆ ಜಗಳ ಆಡಬೇಡಿ. "ಯಾಕಪ್ಪಾ?" ಅಂತ ಕೇಳಿ. "ಸೀಲು ಹೋಗಿದೆ, ಹಲ್ಲು ಸವೆದಿದೆ, ಬಿಚ್ಚಿದರೆ ಖರ್ಚು ಬರುತ್ತೆ" ಅಂದರೆ ಅದು ಗಾಡಿ ನೋಡಿ ಹೇಳಿದ ಮಾತು, ಲೆಕ್ಕಕ್ಕೆ ತೆಗೆದುಕೊಳ್ಳಿ. ಬರೀ "ಹಳೆ ಗಾಡಿ ಅಲ್ವಾ" ಅಂದರೆ ಒಂದು ಗಾಜಿನ ಬಾಟಲಿ ತಂದು ಇಬ್ಬರೂ ಕೂತು ನೋಡಿ.

ಮಳೆಗಾಲದಲ್ಲಿ ಕ್ರೌನಿಗೆ ನೀರು ಹೋಗದಂತೆ ನೀವು ಬೇರೇನಾದರೂ ಉಪಾಯ ಮಾಡಿದ್ದರೆ ಪತ್ರಿಕೆಗೆ ನಾಲ್ಕು ಸಾಲು ಬರೆದು ತಿಳಿಸಿ. ಬಿಸಿಲೆ ಕಡೆಯವರ ಅನುಭವ ನಮಗೆಲ್ಲರಿಗೂ ಬೇಕು.